ಬಾವುಟ ಹಿಡಿದವರೇ, ಪತ್ರಿಕೆಯನ್ನೂ ಹಿಡಿಯಿರಿ

(ಅರಸೀಕೆರೆ ಬಳಿಯ ಮಾಲೇಕಲ್ಲಿನಲ್ಲಿ ಕನ್ನಡ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ಬೆಂಗಳೂರು, ಮೈಸೂರು, ಹಾಸನಗಳಿಂದ ರೈಲು, ಬಸ್ಸು ಹತ್ತಿ ಮಾಲೇಕಲ್ಲಿಗೆ ಬಂದಿದ್ದೀರಿ. ನಿಮ್ಮ ಹೆಗಲ ಮೇಲೆ ಅರಿಶಿನ ಕುಂಕುಮದ ಬಣ್ಣದ ಶಲ್ಯ ಇದೆ. ಬಹಳ ಸಂತೋಷ. ಆದರೆ ಈ ಬಣ್ಣ ಕೊಟ್ಟವರು ಯಾರು ಎಂದು ಕೇಳಿದರೆ ಎಷ್ಟು ಜನ ಕೈ ಎತ್ತುತ್ತೀರಿ?

ಅವರು ಮ. ರಾಮಮೂರ್ತಿ. ಬೆಂಗಳೂರಿನ ರಾಮಮೂರ್ತಿನಗರದಲ್ಲೇ ವಾಸವಿದ್ದು ಅದು ಯಾರ ಹೆಸರೆಂದು ತಿಳಿಯದವರು ಎಷ್ಟೋ ಮಂದಿ!

ರಾಮಮೂರ್ತಿಯವರದು ಅಕ್ಷರದ ಮನೆತನ. ತಂದೆ 'ವೀರಕೇಸರಿ' ಸೀತಾರಾಮಶಾಸ್ತ್ರಿಗಳು ಪತ್ರಕರ್ತರು, ಸ್ವಾತಂತ್ರ್ಯ ಹೋರಾಟಗಾರರು. ಮಗ ಕಾದಂಬರಿ ಬರೆದರು, 'ಕನ್ನಡ ಯುವಜನ' ಪತ್ರಿಕೆ ನಡೆಸಿದರು. 1956ರಲ್ಲಿ ನಾಡು ಒಂದಾಯಿತು ನಿಜ. ಆದರೆ ರಾಜಧಾನಿಯ ರಾಮೋತ್ಸವ ಸಂಗೀತ ಕಚೇರಿಗಳಲ್ಲೇ ಕನ್ನಡದ ಕಲಾವಿದರಿಗೆ ಎರಡನೇ ಪಂಕ್ತಿ! 1962ರಲ್ಲಿ ಅ.ನ.ಕೃ. ಇದರ ವಿರುದ್ಧ ಸಿಡಿದೆದ್ದಾಗ ರಾಮಮೂರ್ತಿ ಹೆಗಲು ಕೊಟ್ಟರು. ಮುಂದೆ ಕನ್ನಡ ಪಕ್ಷ ಕಟ್ಟಿದರು. ಅದಕ್ಕೆಂದು ರೂಪಿಸಿದ್ದೇ ಈ ಹಳದಿ ಕೆಂಪು ಬಾವುಟ. 1967ರ ಡಿಸೆಂಬರಿನಲ್ಲಿ, ತಮ್ಮ ಜಮೀನಿನಲ್ಲಿ ಬಾವಿ ತೋಡುವಾಗ ಮಣ್ಣು ಕುಸಿದು, ಇಬ್ಬರು ಗಂಡುಮಕ್ಕಳ ಜೊತೆ ತೀರಿಕೊಂಡರು. ಅವರಿಗಿನ್ನೂ ಐವತ್ತು ತುಂಬಿರಲಿಲ್ಲ.

ಬಾವುಟ ಊರೂರಿಗೂ ಹೋಯಿತು. ಪತ್ರಿಕೆಯ ಹೆಸರು ಮರೆತುಹೋಯಿತು. ಗೆಳೆಯರೇ, ನನ್ನ ಸಂಕಟ ಇದೇ. ಬಾವುಟ ಏರಿಸಲು ನವೆಂಬರ್ 1ರ ಒಂದು ಬೆಳಗು ಸಾಕು. ಪತ್ರಿಕೆ ಬದುಕಲು ವರ್ಷವಿಡೀ ಓದುಗರು ಬೇಕು.

ಯುರೋಪಿನ ಪುಟ್ಟ ನಾಡು ಲಿಥುವೇನಿಯಾದ ಕಥೆ ಕೇಳಿ. ಅದನ್ನು ಆಳುತ್ತಿದ್ದ ರಷ್ಯದ ಝಾರ್ ಸರ್ಕಾರ 1864ರಿಂದ 1904ರವರೆಗೆ, ನಲವತ್ತು ವರ್ಷ, ಆ ಜನ ಬಳಸುತ್ತಿದ್ದ ಲ್ಯಾಟಿನ್ ಲಿಪಿಯಲ್ಲಿ ಅವರ ನುಡಿಯನ್ನು ಅಚ್ಚು ಹಾಕಬಾರದೆಂದು ನಿಷೇಧಿಸಿತು. ಆಗ ಗಡಿಯಾಚೆ ಪ್ರಷ್ಯದಲ್ಲಿದ್ದ ಮಾರ್ಟಿನಾಸ್ ಯಾಂಕುಸ್ ಎಂಬ ಮುದ್ರಕ ತನ್ನ ಅಚ್ಚುಕೂಟದಲ್ಲಿ ಲಿಥುವೇನಿಯನ್ ಪುಸ್ತಕ ಅಚ್ಚುಮಾಡಿದ. ಸಾಮಾನ್ಯ ರೈತರು ಇಂಥ ಪುಸ್ತಕಗಳನ್ನು ಬೆನ್ನಿಗೆ ಕಟ್ಟಿಕೊಂಡು, ಕಾವಲಿನವರ ಕಣ್ಣು ತಪ್ಪಿಸಿ ಗಡಿ ದಾಟಿಸಿದರು. ಸಿಕ್ಕಿಬಿದ್ದವರು ಸೈಬೀರಿಯಾ ಕಂಡರು. ಆದರೂ ಓದುವುದನ್ನು ಆ ಜನ ಬಿಡಲಿಲ್ಲ. 1918ರಲ್ಲಿ ಆ ನಾಡು ಸ್ವಾತಂತ್ರ್ಯ ಸಾರಿತು.

ಕನ್ನಡದ ಪುಸ್ತಕ ಕೊಂಡರೆ ನಮ್ಮನ್ನು ಯಾರೂ ಸೈಬೀರಿಯಾಕ್ಕೆ ಅಟ್ಟುವುದಿಲ್ಲ. ಆದರೂ ಎಷ್ಟು ಮನೆಗಳಲ್ಲಿ ಕನ್ನಡ ಪುಸ್ತಕವಿದೆ? ನಾವೇ ಓದುವುದನ್ನು ಬಿಟ್ಟರೆ ಝಾರ್ ಯಾಕೆ ಬೇಕು?

ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸುಮಾರು ಕ್ರಿ.ಶ. 450ರಲ್ಲೇ ಕಲ್ಲಿನ ಮೇಲೆ ಕನ್ನಡ ಕೊರೆದರು. ಕಲ್ಲು ತಾನಾಗಿಯೇ ಉಳಿಯುತ್ತದೆ. ಕಾಗದವನ್ನು ಕೊಂಡು ಓದಿದರೆ ಮಾತ್ರ ಉಳಿಯುತ್ತದೆ.

ಊರಿಗೆ ಹಿಂದಿರುಗಿದ ಮೇಲೆ ಒಂದು ಕೆಲಸ ಮಾಡಿ. ತಿಂಗಳಿಗೊಂದು ಕನ್ನಡ ಪುಸ್ತಕ ಕೊಳ್ಳಿ. ಒಂದು ಕನ್ನಡ ಪತ್ರಿಕೆಗೆ ಚಂದಾದಾರರಾಗಿ. ಓದಿ, ಪಕ್ಕದ ಮನೆಗೂ ಕೊಡಿ. ರಾಮಮೂರ್ತಿಯವರ ಸಾಲ ತೀರಿಸುವ ದಾರಿ ಇದು.

ಜೈ ಕರ್ನಾಟಕ!