ಯಲಹಂಕದ ಉಕ್ಕಿನ ಗಾಲಿ



ರಾತ್ರಿಯ ರೈಲಿನಲ್ಲಿ ನಿಶ್ಚಿಂತೆಯಿಂದ ನಿದ್ರಿಸುವಾಗ ನಾವು ಯಾವ ವಸ್ತುವನ್ನು ನಂಬಿ ಮಲಗಿದ್ದೇವೆಂದು ಯೋಚಿಸುವುದು ಅಪರೂಪ. ಎಂಜಿನ್ನು ಕೆಟ್ಟರೆ ಗಾಡಿ ನಿಂತೀತು, ಅಷ್ಟೆ. ಗಾಲಿಯೇ ಒಡೆದರೆ ಏನಾದೀತೆಂಬುದನ್ನು ವಿವರಿಸಬೇಕಾದುದಿಲ್ಲ. ಅಂತಹ ಗಾಲಿಗಳನ್ನು ನಮ್ಮ ನಗರದ ಉತ್ತರದಲ್ಲಿರುವ ಯಲಹಂಕದಲ್ಲಿ 1984ರಿಂದ ತಯಾರಿಸುತ್ತಿರುವರು. ಅದಕ್ಕೆ ಮೊದಲು ನಮ್ಮ ರೈಲ್ವೆಗಳು ಗಾಲಿಗಾಗಿ ಬಹುಮಟ್ಟಿಗೆ ಪರದೇಶಗಳ ಮುಖ ನೋಡಬೇಕಾಗಿದ್ದಿತು.

ಈ ಗಾಲಿ ಎರಕದ್ದೆಂದು ಕೇಳಿದ ಕೂಡಲೇ ಹಲವರು ಹುಬ್ಬೇರಿಸುವರು. ಎರಕದ ಬಾಣಲೆ ಕೈಜಾರಿ ಬಿದ್ದರೆ ಹೋಳಾಗುವುದನ್ನು ಯಾರು ಕಂಡಿಲ್ಲ? ಆದರೆ ಬಾಣಲೆ ಬೀಡುಕಬ್ಬಿಣದ್ದು. ಅದರಲ್ಲಿ ಇಂಗಾಲ ನೂರಕ್ಕೆ ಮೂರು ಪಾಲಿಗೂ ಮಿಗಿಲು. ಗಾಲಿಯ ಉಕ್ಕಿನಲ್ಲಿಯಾದರೋ ಅದು ಅರ್ಧ ಪಾಲಿಗಿಂತ ತುಸುವೇ ಹೆಚ್ಚು. ದೋಷವಿರುವುದು ಎರಕವೆಂಬ ಕ್ರಮದಲ್ಲಲ್ಲ, ಎರೆದ ವಸ್ತುವಿನಲ್ಲಿ.

ಸವೆದ ಗಾಲಿಗಳೂ ಹಳೆಯ ಇರುಸುಗಳೂ ಇಲ್ಲಿ ವಿದ್ಯುತ್ಕುಲುಮೆಯಲ್ಲಿ ಮತ್ತೆ ಕರಗುತ್ತವೆ. ಕರಗಿದ ಉಕ್ಕನ್ನು ಮೇಲಿನಿಂದ ಸುರಿದರೆ ಗಾಳಿಯೂ ಕಿಟ್ಟವೂ ಒಳಸೇರಿ, ಕಣ್ಣಿಗೆ ಕಾಣದ ಕುಳಿಗಳು ಉಳಿಯುವ ಭಯವುಂಟು. ಆದುದರಿಂದ ಉಕ್ಕಿನ ಪಾತ್ರೆಯನ್ನು ಮುಚ್ಚಿದ ತೊಟ್ಟಿಯೊಳಗಿಟ್ಟು, ಅದರ ಆಳಕ್ಕೆ ಸೆರಾಮಿಕ್ ಕೊಳವೆಯೊಂದನ್ನಿಳಿಸಿ, ವಾಯುವಿನ ಒತ್ತಡವನ್ನು ಪ್ರಯೋಗಿಸುವರು. ಕೆನೆಯನ್ನು ಕದಡದೆ ತಳದ ಹಾಲನ್ನು ತೆಗೆದಂತೆ, ತಿಳಿಯಾದ ಉಕ್ಕು ಸದ್ದಿಲ್ಲದೆ ಮೇಲೇರಿ ಗ್ರಾಫೈಟಿನ ಅಚ್ಚನ್ನು ತುಂಬುತ್ತದೆ. ಗ್ರಾಫೈಟೆಂದರೆ ನಮ್ಮ ಮಕ್ಕಳ ಪೆನ್ಸಿಲಿನ ಕಡ್ಡಿಯಲ್ಲಿರುವ ವಸ್ತುವೇ! ಉಕ್ಕಿನ ಬೇಗೆಗೆ ಅದು ಕರಗದು. ಶಾಖವನ್ನು ಬೇಗನೆ ಹೀರುವುದು. ಮರಳಿನಚ್ಚಿನಂತೆ ಒಂದೇ ಎರಕಕ್ಕೆ ಹಾಳಾಗದು.

ನಿಜವಾದ ಚಮತ್ಕಾರ ಇದರ ಬಳಿಕದ್ದು. ಗಾಲಿಯನ್ನು ಪುನಃ ಕೆಂಪಗೆ ಕಾಸಿ, ಅಂಚಿಗೆ ಮಾತ್ರ ನೀರನ್ನು ಚಿಮ್ಮಿಸುವರು. ಅಂಚು ಮೊದಲು ತಣಿದು ಗಟ್ಟಿಯಾಗುವುದು. ಒಳಭಾಗ ಆಮೇಲೆ ತಣಿದು ಕುಗ್ಗುತ್ತ, ಅಂಚನ್ನು ತನ್ನೆಡೆಗೆ ಸೆಳೆದು ಬಿಗಿಹಿಡಿಯುವುದು. ನಮ್ಮ ಹಳ್ಳಿಯ ಕಮ್ಮಾರನು ಕಾಸಿದ ಪಟ್ಟೆಯನ್ನು ಎತ್ತಿನ ಗಾಡಿಯ ಗಾಲಿಗೆ ತೊಡಿಸಿ ನೀರೆರೆಯುವುದನ್ನು ಬಲ್ಲವರಿಗೆ ಈ ತತ್ತ್ವ ಹೊಸದಲ್ಲ. ಅಲ್ಲಿ ಅಮುಕುವುದು ಹೊರಗಿನ ಪಟ್ಟೆ, ಇಲ್ಲಿ ಸೆಳೆಯುವುದು ಒಳಗಿನ ಉಕ್ಕು. ಹೀಗೆ ಒತ್ತಡದಲ್ಲಿರುವ ಅಂಚಿನಲ್ಲಿ ಸಣ್ಣ ಬಿರುಕು ಮೂಡಿದರೂ ಅದು ಬಾಯ್ದೆರೆಯುವುದು ಕಷ್ಟ. ಬಿರುಸಾಗಿ ಬ್ರೇಕು ಹಾಕಿ ಅಂಚು ಅತಿಯಾಗಿ ಕಾದರೆ ಈ ರಕ್ಷಣೆ ಕುಂದುವುದೂ ಉಂಟು.

ಹಿಂದೆ ನಿಲ್ದಾಣಗಳಲ್ಲಿ ಗಾಲಿಯನ್ನು ಸುತ್ತಿಗೆಯಿಂದ ತಟ್ಟಿ ನಾದವನ್ನಾಲಿಸುತ್ತಿದ್ದರು. ಯಲಹಂಕದಲ್ಲಿ ಆ ಕೆಲಸಕ್ಕೆ ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ಬಳಸುವರು. ಮೇಲ್ಮೈಯ ಬಿರುಕನ್ನು ಕಾಂತಶಕ್ತಿಯೂ ಕಬ್ಬಿಣದ ಹುಡಿಯೂ ತೋರಿಸಿಕೊಡುವುವು.

ಇರುಸನ್ನು ಮಾತ್ರ ಅವರು ಎರಕ ಹೊಯ್ಯುವುದಿಲ್ಲ. ಗಾಲಿಯ ಒಂದೊಂದು ಸುತ್ತಿಗೂ ಅದು ಒಮ್ಮೆ ಹಾಗೆ, ಒಮ್ಮೆ ಹೀಗೆ ಬಾಗತಕ್ಕದ್ದು. ಅದಕ್ಕಾಗಿ ಉಕ್ಕಿನ ದಿಮ್ಮಿಯನ್ನು ಕಾಸಿ, ನಾಲ್ಕೂ ಕಡೆಯಿಂದ ಯಂತ್ರದಿಂದ ಬಡಿದು ನೀಳವಾಗಿಸುವರು.