ದೀಪ ಹಿಡಿದು ನಿಂತವರು

ಈ ಪ್ರದರ್ಶನಕ್ಕೆ ಚಿತ್ರ ಬರೆದ ಹೆಣ್ಣುಮಕ್ಕಳೇ, ಅವರಿಗೆ ಕಲಿಸಿದ ಗುರುಗಳೇ, ಮೈಸೂರಿನ ಕಲಾಬಂಧುಗಳೇ,

ಊರಿಗೆ ನೆಂಟರು ಬಂದರೆ ಜಗನ್ಮೋಹನ ಅರಮನೆಗೆ ಕರೆದೊಯ್ದು ದೀಪ ಹಿಡಿದ ಹೆಣ್ಣಿನ ಚಿತ್ರ ತೋರಿಸುವುದು ನಮ್ಮಲ್ಲಿ ವಾಡಿಕೆ. ಬೆರಳ ಸಂದಿಯಲ್ಲಿ ಕೆಂಪಗೆ ಸೋರುವ ಆ ಬೆಳಕಿಗೆ ಮರುಳಾಗದವರಿಲ್ಲ. ಆದರೂ ಎಷ್ಟೋ ಮಂದಿ ಅದನ್ನು ಇಂದಿಗೂ ರವಿವರ್ಮನ ಚಿತ್ರ ಎನ್ನುತ್ತಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ 1940ರ ದಶಕದ್ದು, ಬರೆದವರು ಎಸ್. ಎಲ್. ಹಲ್ದಂಕರ್. ಅದು ತೈಲವರ್ಣವಲ್ಲ, ಜಲವರ್ಣ. ತಪ್ಪಿದರೆ ಮೇಲೆ ಬಣ್ಣ ಬಳಿದು ಮುಚ್ಚುವಂತಿಲ್ಲ.

ಬರೆದವರ ಹೆಸರೇ ಹೀಗಾದರೆ, ಚಿತ್ರಕ್ಕಾಗಿ ನಿಂತವರದ್ದು? ಅವರು ಹಲ್ದಂಕರರ ಮಗಳು ಗೀತಾ. ಮದುವೆಯಾಗಿ ಗೀತಾ ಉಪ್ಲೇಕರ್ ಆದರು, 2018ರಲ್ಲಿ ಕೊಲ್ಹಾಪುರದಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಂಡರು. ಕೈಯಲ್ಲಿ ದೀಪ ಹಿಡಿದು ಗಂಟೆಗಟ್ಟಲೆ ಅಲುಗದೆ ನಿಂತವರು ಅವರು. ಆ ಬೆಳಕು ಅಪ್ಪನ ಕುಂಚದ್ದು ಎಷ್ಟೋ, ಮಗಳ ತೋಳಿನದ್ದೂ ಅಷ್ಟೇ ಎಂದು ನಾನು ನಂಬುತ್ತೇನೆ.

ಹಾಗೆ ನಿಂತವಳೇ ಕುಂಚ ಹಿಡಿದರೆ? ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಎಲಿಜಬೆತ್ ಸಿಡಲ್ ಹಿಡಿದರು. ಟೋಪಿ ಅಂಗಡಿಯಲ್ಲಿ ದುಡಿಯುತ್ತಿದ್ದವರು. ಕಲಾವಿದ ಮಿಲೇ 'ಒಫೀಲಿಯಾ' ಎಂಬ ಚಿತ್ರ ಬರೆಯುವಾಗ ಅವರನ್ನು ನೀರು ತುಂಬಿದ ತೊಟ್ಟಿಯಲ್ಲಿ ಮಲಗಿಸಿದ್ದರು. ನೀರು ಬೆಚ್ಚಗಿಡಲು ಅಡಿಯಲ್ಲಿಟ್ಟ ದೀಪಗಳು ಆರಿಹೋದವು. ಸಿಡಲ್ ಸುಮ್ಮನೆ ಮಲಗೇ ಇದ್ದರು, ಆಮೇಲೆ ಕಾಯಿಲೆ ಬಿದ್ದರು. ಅದೇ ದಿನಗಳಲ್ಲಿ ಕಲಾವಿದ ರೊಸೆಟ್ಟಿಯ ಬಳಿ ಚಿತ್ರ ಕಲಿಯಲು ತೊಡಗಿದರು. 1855ರಲ್ಲಿ ವಿಮರ್ಶಕ ರಸ್ಕಿನ್ ವರ್ಷಕ್ಕೆ 150 ಪೌಂಡ್ ಕೊಟ್ಟು ಅವರು ಬರೆದದ್ದನ್ನೆಲ್ಲ ಕೊಳ್ಳಲು ಮುಂದೆ ಬಂದರು. 1857ರಲ್ಲಿ ಪ್ರೀ ರಾಫಲೈಟ್ ಎಂಬ ಕಲಾವಿದರ ಬಳಗದ ಗೆಳೆಯರೆಲ್ಲ ಸೇರಿ ನಡೆಸಿದ ಪ್ರದರ್ಶನದಲ್ಲಿ ಚಿತ್ರವಿಟ್ಟ ಹೆಣ್ಣು ಅವರೊಬ್ಬರೇ. 1862ರಲ್ಲಿ, 32ರ ಪ್ರಾಯದಲ್ಲಿ ತೀರಿಕೊಂಡರು.

ರೊಸೆಟ್ಟಿಯ ಚಿತ್ರಗಳಲ್ಲಿ ಸಿಡಲ್ ಕನಸಿನ ಚೆಲುವೆ. ತನ್ನನ್ನು ತಾನೇ ಬರೆದುಕೊಂಡ ಚಿತ್ರದಲ್ಲಾದರೋ ಸಿಂಗಾರವಿಲ್ಲದ, ರೆಪ್ಪೆ ಭಾರವಾದ, ದಣಿದ ಮುಖ. ಯಾರನ್ನೂ ಮೆಚ್ಚಿಸಲು ಬರೆದದ್ದಲ್ಲ ಅದು. ನಮ್ಮ ಹುಡುಗಿಯರು ಮೊದಲು ನೋಡಬೇಕಾದದ್ದು ಆ ಪುಟ್ಟ ಚಿತ್ರವನ್ನು.

ಆಯೋಜಕರಲ್ಲಿ, ಚಿತ್ರ ಬರೆದವರಲ್ಲಿ ನನ್ನದೊಂದು ಕೋರಿಕೆ. ಇಲ್ಲಿನ ಭಾವಚಿತ್ರಗಳ ಪಕ್ಕದ ಚೀಟಿಗಳಲ್ಲಿ ಬರೆದವರ ಹೆಸರಷ್ಟೇ ಇದೆ. ನಿಮಗಾಗಿ ಕುಳಿತ ಅಜ್ಜಿ, ಅತ್ತಿಗೆ, ಹೂವಿನಮ್ಮ, ಗೆಳತಿ, ಇವರೆಲ್ಲರ ಒಪ್ಪಿಗೆ ಕೇಳಿ, ಒಪ್ಪಿದವರ ಹೆಸರನ್ನೂ ಸಂಜೆಯೊಳಗೆ ಬರೆದು ಅಂಟಿಸಿ. ಅವರನ್ನು ಇಲ್ಲಿಗೆ ಕರೆತನ್ನಿ.

ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಬನ್ನಿ, ಚಿತ್ರಗಳನ್ನು ನೋಡೋಣ.