ಕಲ್ಲಿನೊಳಗಿನ ಎಣ್ಣೆ ಮತ್ತು ಕೈಯೊಳಗಿನ ಹಣ

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ಗಿರಣಿಯಿಂದ ನಿವೃತ್ತರಾದ ಹಿರಿಯರೊಬ್ಬರು ಹೋದ ವಾರ ನನ್ನಲ್ಲಿಗೆ ಬಂದಿದ್ದರು. ಮೂವತ್ತು ವರ್ಷ ದುಡಿದುದರ ಗ್ರಾಚುಯಿಟಿ ಹಣ ಕೈಗೆ ಬಂದಿದೆ. ಅವರ ಅಳಿಯ ಬಣ್ಣದ ಚಿತ್ರಗಳಿದ್ದ ಪುಸ್ತಿಕೆಯೊಂದನ್ನು ಕೊಟ್ಟಿದ್ದಾನೆ. ಹೊರದೇಶದಲ್ಲಿ ಕಲ್ಲಿನಿಂದ ಎಣ್ಣೆ ತೆಗೆಯುತ್ತಾರಂತೆ, ನೆಲದೊಳಗೆ ಕೋಟಿ ಕೋಟಿ ಪೀಪಾಯಿ ಇದೆಯಂತೆ, ಈಗ ಹಾಕಿದರೆ ಹತ್ತರಷ್ಟು ಬರುತ್ತದಂತೆ. "ಹಾಕಬಹುದೇನಪ್ಪಾ?" ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಂದು ನಿಮ್ಮೆಲ್ಲರ ಮುಂದೆ ಇಡುತ್ತೇನೆ.

ಮೊದಲು ಈ ವಸ್ತು ಯಾವುದೆಂದು ತಿಳಿಯೋಣ. ಇದಕ್ಕೆ ಆಯಿಲ್ ಷೇಲ್ ಎಂದು ಹೆಸರು. ಹೆಸರಿನಲ್ಲಿ ಎಣ್ಣೆ ಇದೆ, ಕಲ್ಲಿನಲ್ಲಿ ಎಣ್ಣೆ ಇಲ್ಲ. ಪ್ರಾಚೀನ ಸರೋವರ, ಸಮುದ್ರಗಳ ತಳದಲ್ಲಿ ಪಾಚಿಯೂ ಕೆಸರೂ ಸೇರಿ ಪದರ ಪದರವಾಗಿ ಗಟ್ಟಿಯಾದ ಕಲ್ಲು ಇದು. ಇದರೊಳಗೆ ಕೆರೊಜೆನ್ ಎಂಬ ಮೇಣದಂಥ ಪದಾರ್ಥವಿದೆ. ಭೂಮಿಯೇ ಇದನ್ನು ಲಕ್ಷಾಂತರ ವರ್ಷ ಆಳದಲ್ಲಿಟ್ಟು ಬೇಯಿಸಿದ್ದರೆ ಎಣ್ಣೆಯಾಗುತ್ತಿತ್ತು. ಇಲ್ಲಿ ಭೂಮಿ ಆ ಕೆಲಸವನ್ನು ಮುಗಿಸಿಲ್ಲ, ಉಳಿದುದನ್ನು ಮನುಷ್ಯ ಮಾಡಬೇಕು. ಕಲ್ಲನ್ನು ಅಗೆದು, ಪುಡಿಮಾಡಿ, ಗಾಳಿ ಸೋಕದ ಕುಲುಮೆಯಲ್ಲಿ ಸುಮಾರು 500 ಡಿಗ್ರಿ ಕಾಯಿಸಿದರೆ ಹೊಗೆ ಬಂದು, ತಣಿದು ಎಣ್ಣೆಯಾಗುತ್ತದೆ. ಷೇಲ್ ಪದರವನ್ನು ನೀರಿನ ಒತ್ತಡದಿಂದ ಒಡೆದು ಎಣ್ಣೆ ಹರಿಸುವ ಇನ್ನೊಂದು ಉದ್ಯಮವೂ ಅಮೆರಿಕದಲ್ಲಿದೆ. ಅಲ್ಲಿ ಎಣ್ಣೆ ಮೊದಲೇ ಎಣ್ಣೆಯಾಗಿ ಇರುತ್ತದೆ. ಅದರ ಲಾಭವನ್ನು ತೋರಿಸಿ ಇದರ ಷೇರು ಮಾರುವವರನ್ನು ನಂಬಬೇಡಿ.

ಈ ಕಲ್ಲಿನ ಅತಿ ದೊಡ್ಡ ರಾಶಿ ಅಮೆರಿಕದ ಕೊಲರಾಡೊ, ಯೂಟಾ, ವಯೋಮಿಂಗ್ ಪ್ರಾಂತಗಳಲ್ಲಿದೆ. ಗ್ರೀನ್ ರಿವರ್ ಎಂದು ಅದರ ಹೆಸರು. ಸುಮಾರು ಐದು ಕೋಟಿ ವರ್ಷಗಳ ಹಿಂದೆ ಅಲ್ಲಿ ದೊಡ್ಡ ಸರೋವರಗಳಿದ್ದವು. ಅಮೆರಿಕ ಸರ್ಕಾರದ ಭೂಗರ್ಭ ಸರ್ವೇಕ್ಷಣಾ ಇಲಾಖೆಯ ಲೆಕ್ಕದಂತೆ ಆ ನೆಲದಲ್ಲಿರುವುದು ಸುಮಾರು 4 ಲಕ್ಷ 28 ಸಾವಿರ ಕೋಟಿ ಪೀಪಾಯಿ. ಪುಸ್ತಿಕೆಯವರು ಅಚ್ಚು ಹಾಕುವುದು ಈ ಅಂಕಿಯನ್ನು. ಆದರೆ ಇದು ನೆಲದಲ್ಲಿ ಇರುವುದರ ಲೆಕ್ಕ, ತೆಗೆಯಬಹುದಾದುದರ ಲೆಕ್ಕವಲ್ಲ. ಟನ್ನಿಗೆ 25 ಗ್ಯಾಲನ್ ಅಥವಾ ಅದಕ್ಕಿಂತ ಹೆಚ್ಚು ಕೊಡುವ ಕಲ್ಲನ್ನು ಮಾತ್ರ ಎಣಿಸಿದರೆ ಅದೇ ಇಲಾಖೆಯ ಅಂಕಿ ಸುಮಾರು 35 ಸಾವಿರ ಕೋಟಿಗೆ ಇಳಿಯುತ್ತದೆ. ಹನ್ನೆರಡರಲ್ಲಿ ಒಂದು ಪಾಲು! ಅದರಲ್ಲೂ ಲಾಭದಿಂದ ತೆಗೆಯಬಹುದಾದುದು ಎಷ್ಟೆಂದು ಇಲಾಖೆ ಹೇಳಿಲ್ಲ.

ಶೇಂಗಾ ವ್ಯಾಪಾರಿಗಳು ಇಲ್ಲಿದ್ದೀರಿ. ಚೀಲದ ಬಾಯಲ್ಲಿರುವ ಬೀಜ ನೋಡಿ ನೀವು ದರ ಹೇಳುತ್ತೀರಾ? ಚೀಲದ ನಡುವಿನಿಂದ, ತಳದಿಂದ ಬೀಜ ತೆಗೆದು ನೋಡುತ್ತೀರಿ. ಎಣ್ಣೆ ಎಷ್ಟು ಬಿದ್ದೀತೆಂದು ಅಂದಾಜು ಮಾಡುತ್ತೀರಿ. ಗಾಣದ ಕೂಲಿ, ಲಾರಿ ಬಾಡಿಗೆ ಕಳೆಯುತ್ತೀರಿ. ಭೂಗರ್ಭಶಾಸ್ತ್ರಜ್ಞನ ಕೆಲಸವೂ ಅದೇ. ಬೆಟ್ಟದ ಮೈಯಲ್ಲಿ ಕಾಣುವ ಕಲ್ಲು ಸಾಲದು. ಅಲ್ಲಲ್ಲಿ ಆಳಕ್ಕೆ ಕೊರೆದು, ಕಂಬದಂತೆ ಕಲ್ಲನ್ನು ಮೇಲೆ ತೆಗೆದು, ಅಡಿ ಅಡಿಗೂ ಪರೀಕ್ಷಿಸಬೇಕು. ಫಿಷರ್ ಪರೀಕ್ಷೆ ಎಂಬುದೊಂದಿದೆ. ನೂರು ಗ್ರಾಂ ಪುಡಿಯನ್ನು ಕಾಯಿಸಿ ಎಷ್ಟು ಎಣ್ಣೆ ಬಂತೆಂದು ಅಳೆಯುತ್ತಾರೆ. ಅದು ಪ್ರಯೋಗಶಾಲೆಯ ಫಲ, ಕಾರ್ಖಾನೆಯ ಫಲವಲ್ಲ. ಬಳಿಕ ಪದರ ಎಷ್ಟು ದಪ್ಪ, ಎಷ್ಟು ಆಳ, ಮೇಲಿನ ಮಣ್ಣುಕಲ್ಲು ಎಷ್ಟು ತೆಗೆಯಬೇಕು, ಹತ್ತಿರದಲ್ಲಿ ನೀರಿದೆಯೇ ಎಂದು ಕೇಳಬೇಕು.

ಒಂದು ಲೆಕ್ಕ ಮಾಡೋಣ. ಪೀಪಾಯಿಗೆ 42 ಗ್ಯಾಲನ್. ಟನ್ನಿಗೆ 25 ಗ್ಯಾಲನ್ ಬಂದರೆ ಒಂದು ಪೀಪಾಯಿಗೆ ಸುಮಾರು 1.7 ಟನ್ ಕಲ್ಲು ಬೇಕು. ದಿನಕ್ಕೆ 50 ಸಾವಿರ ಪೀಪಾಯಿ ತೆಗೆಯಲು ದಿನಕ್ಕೆ 84 ಸಾವಿರ ಟನ್ ಕಲ್ಲು ಅಗೆಯಬೇಕು, ಒಡೆಯಬೇಕು, ಸುಡಬೇಕು. ಸುಟ್ಟ ಮೇಲೆ ಅದರ ಬಹುಪಾಲು ಬೂದಿಕಲ್ಲಾಗಿ ಉಳಿಯುತ್ತದೆ. ಪುಡಿಯಾಗಿ ಉಬ್ಬಿದ ಅದು ಅಗೆದ ಗುಂಡಿಯಲ್ಲಿ ಮತ್ತೆ ಹಿಡಿಸುವುದೂ ಇಲ್ಲ. ಕೊಲರಾಡೊ ನಾಡು ನೀರಿಗೆ ಬಡವಾದ ನಾಡು. ಈ ಖರ್ಚುಗಳು ಪುಸ್ತಿಕೆಯಲ್ಲಿ ಇರಲಿಲ್ಲ.

ಇನ್ನು ಚರಿತ್ರೆ ನೋಡಿ. 1973 ಮತ್ತು 1979ರಲ್ಲಿ ಎಣ್ಣೆಯ ಬೆಲೆ ಏರಿತು. 1980ರಲ್ಲಿ ಎಕ್ಸಾನ್ ಕಂಪೆನಿ ಕೊಲರಾಡೊದ ಕಾಲೊನಿ ಯೋಜನೆಯಲ್ಲಿ ಪಾಲು ಕೊಂಡಿತು. ಕಾರ್ಮಿಕರಿಗಾಗಿ ಬ್ಯಾಟಲ್‌ಮೆಂಟ್ ಮೆಸಾ ಎಂಬ ಹೊಸ ಊರು ಏಳತೊಡಗಿತು. ಅಂಗಡಿಗಳು ತೆರೆದವು, ಜನ ಸಾಲ ಮಾಡಿ ಮನೆ ಕೊಂಡರು. ಅಷ್ಟರಲ್ಲಿ ಎಣ್ಣೆಯ ಬೆಲೆ ಇಳಿಮುಖವಾಯಿತು, ಯೋಜನೆಯ ಖರ್ಚು ಏರಿತು. 1982ರ ಮೇ 2, ಭಾನುವಾರ, ಕೆಲಸ ನಿಲ್ಲಿಸಿದೆವೆಂದು ಕಂಪೆನಿ ಸಾರಿತು. 2,000ಕ್ಕೂ ಹೆಚ್ಚು ಕಾರ್ಮಿಕರು ಒಂದೇ ಏಟಿಗೆ ಬೀದಿಗೆ ಬಿದ್ದರು. ಆ ಸೀಮೆಯವರು ಇಂದಿಗೂ ಅದನ್ನು ಕರಾಳ ಭಾನುವಾರ ಎನ್ನುತ್ತಾರೆ. ಜನ ಊರು ಬಿಟ್ಟರು, ಮನೆಗಳ ಬೆಲೆ ಬಿತ್ತು, ಚಿಲ್ಲರೆ ವ್ಯಾಪಾರಿಯ ಉದ್ರಿ ವಸೂಲಾಗದೆ ಉಳಿಯಿತು. ಎಕ್ಸಾನ್ ಕಂಪೆನಿ ನಷ್ಟ ತಾಳಿಕೊಂಡು ಬದುಕಿತು. 1980ರಿಂದ 1982ರವರೆಗೆ ಕಲ್ಲು ಒಂದಿಷ್ಟೂ ಬದಲಾಗಿರಲಿಲ್ಲ ಎಂಬುದನ್ನು ಗಮನಿಸಿ. ಬದಲಾದದ್ದು ಬೆಲೆ ಮತ್ತು ಖರ್ಚು.

ಅದೇ ಸೀಮೆಯಲ್ಲಿ ಯೂನಿಯನ್ ಆಯಿಲ್ ಕಂಪೆನಿಯ ಕಾರ್ಖಾನೆ 1991ರಲ್ಲಿ ಮುಚ್ಚಿತು. ಷೆಲ್ ಕಂಪೆನಿ ನೆಲದೊಳಗೇ ಕಲ್ಲು ಕಾಯಿಸುವ ಪ್ರಯೋಗ ಮಾಡಿ 2013ರಲ್ಲಿ ಕೈಬಿಟ್ಟಿತು. ಆಸ್ಟ್ರೇಲಿಯದ ಸ್ಟುವರ್ಟ್ ಕಾರ್ಖಾನೆ 1999ರಲ್ಲಿ ಶುರುವಾಗಿ 2004ರಲ್ಲಿ ನಿಂತಿತು.

ಎಲ್ಲೂ ನಡೆದೇ ಇಲ್ಲವೆಂದು ಹೇಳಿದರೆ ಅದು ಸುಳ್ಳಾದೀತು. ಸ್ಕಾಟ್ಲೆಂಡಿನಲ್ಲಿ ಜೇಮ್ಸ್ ಯಂಗ್ 19ನೆಯ ಶತಮಾನದಲ್ಲಿ ಆರಂಭಿಸಿದ ಉದ್ಯಮ 1962ರವರೆಗೆ ನಡೆಯಿತು. ಎಸ್ಟೋನಿಯದಲ್ಲಿ ನೂರು ವರ್ಷಕ್ಕೂ ಮಿಕ್ಕಿ ಈ ಕಲ್ಲು ಅಗೆದಿದ್ದಾರೆ. ಅಲ್ಲಿನ ಕಲ್ಲು ಸತ್ತ್ವವುಳ್ಳದ್ದು, ಅದರ ಬಹುಭಾಗವನ್ನು ಕಲ್ಲಿದ್ದಲಿನಂತೆ ನೇರವಾಗಿ ಉರಿಸಿ ವಿದ್ಯುತ್ ತೆಗೆದರು, ಸರ್ಕಾರದ ಬೆಂಬಲವೂ ಇತ್ತು. ಅಲ್ಲಿಯೂ ಈಗ ಹೊಗೆಯ ಮೇಲಿನ ತೆರ ಭಾರವಾಗಿದೆ.

ನಮಗೆ ದೂರದ ಉದಾಹರಣೆಯೇ ಬೇಕಿಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗ ಒಳಗೆ ಚಿನ್ನ ಪೂರ್ತಿ ಮುಗಿದಿರಲಿಲ್ಲ. ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತ್ತು.

ಆದುದರಿಂದ ಆ ಹಿರಿಯರಿಗೆ ನಾನು ಹೇಳಿದ್ದು ಇಷ್ಟು: ಪುಸ್ತಿಕೆ ಕೊಟ್ಟವನನ್ನು ಐದು ಪ್ರಶ್ನೆ ಕೇಳಿ. ಎಷ್ಟು ಕಡೆ ಕೊರೆದು ನೋಡಿದ್ದೀರಿ? ಟನ್ನಿಗೆ ಎಷ್ಟು ಎಣ್ಣೆ? ಎಷ್ಟು ಆಳ, ಎಷ್ಟು ದಪ್ಪ? ನೀರು ಎಲ್ಲಿಂದ, ಬೂದಿ ಎಲ್ಲಿಗೆ? ಎಣ್ಣೆಯ ಬೆಲೆ ಅರ್ಧಕ್ಕೆ ಇಳಿದರೆ ಗತಿ ಏನು? ಉತ್ತರ ಬರೆದು ಕೊಡಲಿ, ಅದನ್ನು ಬಲ್ಲವರಿಗೆ ತೋರಿಸಿ. ಉತ್ತರ ಚೆನ್ನಾಗಿದ್ದರೂ ಮಗಳ ಮದುವೆಯ ಹಣ, ಔಷಧದ ಹಣ ಇದಕ್ಕಲ್ಲ. ಹತ್ತು ವರ್ಷ ಕಾಯಬಲ್ಲವನು, ಹೋದರೂ ಊಟಕ್ಕೆ ಕೊರತೆಯಿಲ್ಲದವನು ಆಡುವ ಆಟ ಇದು.

ಹಿರಿಯರು ಪುಸ್ತಿಕೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. "ಅಳಿಯನಿಗೆ ಏನೆನ್ನಲಿ?" ಎಂದರು. "ಆ ಐದು ಪ್ರಶ್ನೆಗಳನ್ನು ಅವನಿಗೇ ಕೊಡಿ" ಎಂದೆ. ನಿಮಗೂ ಅದನ್ನೇ ಕೊಡುತ್ತಿದ್ದೇನೆ.